ಹೊಸ ಕೀಬೋರ್ಡ್ ಕೈಕೊಟ್ಟರೆ: ಸ್ಕ್ರೂ ಬಿಚ್ಚುವ ಮೊದಲು ಮಾಡಬೇಕಾದ್ದು

ಸಂಗೀತ ನುಡಿಸುವ ಕೀಬೋರ್ಡ್ ಮನೆಗೆ ಬಂದು ಇನ್ನೂ ವಾರ ಆಗಿರುವುದಿಲ್ಲ. ಆಗಲೇ ಒಂದು ಕೀ ಸದ್ದು ಮಾಡುವುದಿಲ್ಲ, ಇಲ್ಲವೇ ನುಡಿಸುತ್ತಿರುವಾಗಲೇ ಆಫ್ ಆಗುತ್ತದೆ. ಆಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಪರಿಚಯದ ರಿಪೇರಿಯವರ ಹತ್ತಿರ ಒಯ್ದು ಬಿಚ್ಚಿಸುತ್ತಾರೆ. ಅಥವಾ ಅಂಗಡಿಗೆ ಫೋನ್ ಮಾಡಿ "ಸರಿಯಾಗಿ ಕೆಲಸ ಮಾಡ್ತಿಲ್ಲ" ಎಂದಷ್ಟೇ ಹೇಳುತ್ತಾರೆ. ಎರಡರಿಂದಲೂ ನಷ್ಟ ನಮಗೇ. ಬೇರೆಯವರು ಬಿಚ್ಚಿದ ಗುರುತು ಕಂಡರೆ ಕಂಪನಿ ವಾರಂಟಿ ಕೊಡುವುದಿಲ್ಲ. ಬರೀ "ಸರಿ ಇಲ್ಲ" ಎಂದು ಕೊಟ್ಟರೆ ಸರ್ವಿಸ್ ಸೆಂಟರಿನಲ್ಲಿ ಆನ್ ಮಾಡಿ, ನಾಲ್ಕು ಕೀ ಒತ್ತಿ, "ತೊಂದರೆ ಕಂಡುಬಂದಿಲ್ಲ" ಎಂದು ಬರೆದು ವಾಪಸ್ ಕೊಡುತ್ತಾರೆ.

ನಾನು ಮಕ್ಕಳಿಗೆ ಕೀಬೋರ್ಡ್ ಕಲಿಸುವವಳು. ಹೊಸ ಕೀಬೋರ್ಡಿನ ತೊಂದರೆ ಹೊತ್ತು ಅಪ್ಪ ಅಮ್ಮಂದಿರು ಮೊದಲು ನನ್ನ ಹತ್ತಿರವೇ ಬರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ಏನು ಮಾಡಿದಾಗ, ಯಾವ ಕೀಯಲ್ಲಿ, ಏನಾಗುತ್ತದೆ ಎಂದು ಯಾರು ಬೇಕಾದರೂ ಮತ್ತೆ ಮಾಡಿ ನೋಡುವ ಹಾಗೆ ಬರೆದು ಕೊಡಿ. ಅಷ್ಟಾದರೆ ವಾರಂಟಿಯ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ಬೇಕಾದ ಪರೀಕ್ಷೆಗಳೆಲ್ಲ ಮನೆಯಲ್ಲೇ ಆಗುತ್ತವೆ. ಸ್ಕ್ರೂಡ್ರೈವರ್ ಬೇಡ.

ಮೊದಲು ಡೆಮೊ ಹಾಡು ಹಾಕಿ

ಕೀಬೋರ್ಡಿನಲ್ಲಿ ಡೆಮೊ ಹಾಡು ಇದ್ದೇ ಇರುತ್ತದೆ. ಅದನ್ನು ಹಾಕಿ, ವಾಲ್ಯೂಮ್ ಅರ್ಧಕ್ಕಿಡಿ. ಹಾಡು ಚೆನ್ನಾಗಿ ಕೇಳಿದರೆ ಒಳಗಿನ ಸೌಂಡ್ ಚಿಪ್, ಆಂಪ್ಲಿಫೈಯರ್, ಸ್ಪೀಕರ್ ಮೂರೂ ಸರಿ ಇವೆ. ತೊಂದರೆ ಇರುವುದು ಕೀಗಳಲ್ಲಿ, ಇಲ್ಲವೇ ಯಾವುದೋ ಸೆಟ್ಟಿಂಗ್‌ನಲ್ಲಿ. ಹಾಡೇ ಕೇಳದಿದ್ದರೆ, ಒಡೆದ ಹಾಗೆ ಕೇಳಿದರೆ, ಅರ್ಧಕ್ಕೆ ನಿಂತರೆ ಕರೆಂಟು ಅಥವಾ ಸ್ಪೀಕರ್ ಕಡೆ ನೋಡಬೇಕು. ಹುಡುಕುವ ಜಾಗ ಇಲ್ಲೇ ಅರ್ಧ ಕಡಿಮೆಯಾಗುತ್ತದೆ.

ಹಾಡು ಕೇಳದಿದ್ದರೆ ಮೊದಲು ಹೆಡ್‌ಫೋನ್ ತೂತು ನೋಡಿ. ದೊಡ್ಡ ಪಿನ್ನಿಗೆ ಸಣ್ಣ ಹೆಡ್‌ಫೋನ್ ಹಾಕುವ ಕನ್ವರ್ಟರ್ ಅಲ್ಲೇ ಸಿಕ್ಕಿಕೊಂಡಿರಬಹುದು. ಅದಿಷ್ಟೇ ಇದ್ದರೂ ಸ್ಪೀಕರ್ ಮೂಕವಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಬಹಳ ಸಾಮಾನ್ಯ.

ಕರೆಂಟಿನ ಕಡೆ

ತಾನಾಗಿ ಆಫ್ ಆಗುವುದೆಲ್ಲ ದೋಷವಲ್ಲ. ಈಗಿನ ಕೀಬೋರ್ಡುಗಳಲ್ಲಿ ಆಟೋ ಪವರ್ ಆಫ್ ಇರುತ್ತದೆ. ಯಮಹಾದ ಪಿಎಸ್‌ಆರ್-ಇ ಸಾಲಿನಲ್ಲಿ ಇದು 30 ನಿಮಿಷಕ್ಕೆ ಹೊಂದಿಸಿಯೇ ಬಂದಿರುತ್ತದೆ. ಏನೂ ಮುಟ್ಟದೆ ಬಿಟ್ಟಾಗ ಮಾತ್ರ ಆಫ್ ಆಗುತ್ತಿದ್ದರೆ ಅದು ಇದೇ. ನುಡಿಸುತ್ತಿರುವಾಗಲೇ, ಅದರಲ್ಲೂ ವಾಲ್ಯೂಮ್ ಜಾಸ್ತಿ ಮಾಡಿದಾಗ ಆಫ್ ಆದರೆ ವಿಷಯ ಬೇರೆ. ಆಗ ಕರೆಂಟು ಸಾಕಾಗುತ್ತಿಲ್ಲ ಎಂದರ್ಥ.

ಅಡಾಪ್ಟರ್ ಮೇಲೆ ಬರೆದಿರುವುದನ್ನು ಕೀಬೋರ್ಡಿನ ಹಿಂದೆ ಬರೆದಿರುವುದರ ಜೊತೆ ಹೋಲಿಸಿ. ಯಮಹಾದ ಸಣ್ಣ ಕೀಬೋರ್ಡುಗಳಿಗೆ 12 ವೋಲ್ಟ್ ಬೇಕು. ಕ್ಯಾಸಿಯೊದ ಹಲವಕ್ಕೆ 9.5 ವೋಲ್ಟ್. ಪಿನ್ನು ಒಂದೇ ಥರ ಇದೆ ಎಂದು ಮನೆಯಲ್ಲಿರುವ ವೈಫೈ ರೂಟರಿನ ಅಡಾಪ್ಟರ್ ಚುಚ್ಚಬೇಡಿ. ಪ್ಲಸ್ ಒಳಗೋ ಹೊರಗೋ ಎಂದು ತೋರಿಸುವ ಸಣ್ಣ ಚಿತ್ರ ಎರಡರ ಮೇಲೂ ಇರುತ್ತದೆ. ಅದು ಹೊಂದದಿದ್ದರೆ ಕೀಬೋರ್ಡೇ ಸುಟ್ಟುಹೋಗಬಹುದು. ಆ ಹಾನಿಗೆ ವಾರಂಟಿಯೂ ಸಿಗುವುದಿಲ್ಲ. ಅಮೆರಿಕದಿಂದ ನೆಂಟರು ತಂದುಕೊಟ್ಟದ್ದಾದರೆ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದಿದೆಯೋ, ಬರೀ 120 ಎಂದಿದೆಯೋ ನೋಡಿ. ಬರೀ 120 ಇದ್ದರೆ ಇಲ್ಲಿನ ಗೋಡೆಗೆ ಹಾಕಬೇಡಿ. ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಾಮಾನ್ಯವಾಗಿ ನಡೆಯುವುದೂ ಇಲ್ಲ. ಕಾರ್ಡು ಮೊದಲೇ ಓದಿಕೊಳ್ಳಿ.

ಅನುಮಾನ ಇದ್ದರೆ ಸೆಲ್ ಹಾಕಿ ನೋಡಿ. ಸಣ್ಣ ಮಾದರಿಗಳಲ್ಲಿ ಆರು ಎಎ ಸೆಲ್ ಹಿಡಿಯುತ್ತದೆ. ಹೊಸ ಆಲ್ಕಲೈನ್ ಸೆಲ್ ಹಾಕಿ, ಅಡಾಪ್ಟರ್ ತೆಗೆದು ನುಡಿಸಿ. ತೊಂದರೆ ಮಾಯವಾದರೆ ದೋಷ ಹೆಚ್ಚಾಗಿ ಅಡಾಪ್ಟರಿನದು, ಕೀಬೋರ್ಡಿನದಲ್ಲ. ಗುಂಯ್ ಎನ್ನುವ ಸದ್ದಿಗೂ ಇದೇ ಪರೀಕ್ಷೆ. ಸೆಲ್‌ನಲ್ಲಿ ಸದ್ದಿಲ್ಲ, ಅಡಾಪ್ಟರಿನಲ್ಲಿ ಇದೆ, ಅಥವಾ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದಾಗ ಮಾತ್ರ ಇದೆ ಎಂದರೆ ಅದು ಅಡಾಪ್ಟರ್ ಅಥವಾ ಮನೆಯ ಅರ್ತಿಂಗ್ ಕಡೆಯ ತೊಂದರೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಗುಂಯ್ ಅಂದರೆ ಇನ್ವರ್ಟರ್ ಕಡೆ ನೋಡಿ.

ದೋಷದ ಹಾಗೆ ಕಾಣುವ ಸೆಟ್ಟಿಂಗ್‌ಗಳು

ಎಡಗಡೆಯ ಕೀಗಳು ಒಂದೊಂದಾಗಿ ಒತ್ತಿದರೆ ಸದ್ದಿಲ್ಲ, ಬಲಗಡೆ ಸರಿ ಇದೆ. ಇದನ್ನು ಕೆಟ್ಟಿದೆ ಎಂದುಕೊಂಡು ಬರುವವರು ತುಂಬ ಜನ. ಅಕಂಪನಿಮೆಂಟ್, ಎಂದರೆ ಕೀಬೋರ್ಡೇ ಹಿಮ್ಮೇಳ ನುಡಿಸುವ ಸೌಲಭ್ಯ, ಆನ್ ಆಗಿದ್ದರೆ ಎಡಭಾಗ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವುದಕ್ಕೆ ಮೀಸಲಾಗುತ್ತದೆ. ಆಫ್ ಮಾಡಿ ನೋಡಿ.

ಶ್ರುತಿ ತಪ್ಪಿದೆ ಎನಿಸಿದರೆ ಟ್ರಾನ್ಸ್‌ಪೋಸ್, ಎಂದರೆ ಎಲ್ಲ ಕೀಗಳ ಶ್ರುತಿಯನ್ನು ಒಟ್ಟಿಗೆ ಏರಿಸಿ ಇಳಿಸುವ ಸೆಟ್ಟಿಂಗ್, ನೋಡಿ. ಭಜನೆಗೆ ಯಾರೋ ನಾಲ್ಕು ಮನೆ (ಎಫ್) ಶ್ರುತಿ ಬೇಕೆಂದು +5 ಮಾಡಿ ಹಾಗೇ ಬಿಟ್ಟಿರುತ್ತಾರೆ. ಆಮೇಲೆ ಒಂದು ಮನೆ (ಸಿ) ಒತ್ತಿದರೆ ನಾಲ್ಕು ಮನೆ ಕೇಳುತ್ತದೆ. ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ, ಟ್ಯೂನಿಂಗ್ 440 ಹರ್ಟ್ಸ್‌ಗೆ ಇಡಿ.

ಸ್ವರ ನಿಲ್ಲದೆ ಎಳೆಯುತ್ತಿದ್ದರೆ, ಸ್ವರ ಎಳೆಯಲು ಕಾಲಿನಲ್ಲಿ ಒತ್ತುವ ಪೆಡಲ್ ಕಿತ್ತು ನೋಡಿ. ಪೆಡಲಿನ ಪೋಲಾರಿಟಿ ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು. ಹೊಂದದ ಪೆಡಲ್ ಹಾಕಿದರೆ ಒತ್ತಿದಾಗ ನಿಲ್ಲುತ್ತದೆ, ಬಿಟ್ಟಾಗ ಎಳೆಯುತ್ತದೆ. ಕೀಬೋರ್ಡ್ ಆನ್ ಆಗುವಾಗ ಪೆಡಲ್ ಮೇಲೆ ಕಾಲಿಟ್ಟಿದ್ದರೂ ಎಷ್ಟೋ ಮಾದರಿಗಳಲ್ಲಿ ಹೀಗಾಗುತ್ತದೆ.

ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು ಬರುತ್ತದೆ ಎನ್ನುವ ದೂರಿನ ಬಗ್ಗೆ ನನಗೆ ಕಳಕಳಿ ಜಾಸ್ತಿ. ಎಷ್ಟೋ ಸಲ ಅದು ದೋಷವೇ ಅಲ್ಲ, ಆ ಮಾದರಿಯೇ ಹಾಗೆ. ಯಮಹಾ ಪಿಎಸ್‌ಆರ್-ಇ273, ಕ್ಯಾಸಿಯೊ ಸಿಟಿ-ಎಸ್200 ಇವುಗಳಲ್ಲಿ ಟಚ್ ರೆಸ್ಪಾನ್ಸ್, ಎಂದರೆ ಒತ್ತಿದ ಜೋರಿಗೆ ತಕ್ಕಂತೆ ಸದ್ದು ಬದಲಾಗುವ ಸೌಲಭ್ಯ, ಇಲ್ಲ. ಪಿಎಸ್‌ಆರ್-ಇ373, ಸಿಟಿ-ಎಸ್300 ಇವುಗಳಲ್ಲಿ ಇದೆ. ಅಂಗಡಿಯಲ್ಲಿ ಇದನ್ನು ಹೇಳದೆ ಮಾರುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಸಂಗೀತ ಕಲಿಯುವ ಮಗುವಿಗೆ ಬೆರಳಿನ ಭಾರದ ವ್ಯತ್ಯಾಸ ಕೇಳಲೇಬೇಕು. ಆದರೂ ಅದನ್ನು ವಾರಂಟಿಯಲ್ಲಿ ಸರಿಮಾಡಿಸಲು ಆಗುವುದಿಲ್ಲ. ರಿಟರ್ನ್ ಅವಧಿ ಮುಗಿಯುವ ಮೊದಲು ಬದಲಾಯಿಸಿಕೊಳ್ಳಬೇಕು. ಹಾಗೆಯೇ, ತುಂಬ ಸ್ವರ ಒಟ್ಟಿಗೆ ಹಿಡಿದಾಗ ಹಳೆಯದು ಕಟ್ ಆಗುವುದೂ ದೋಷವಲ್ಲ. ಇ273 ಒಮ್ಮೆಗೆ 32 ಸ್ವರ ನುಡಿಸಬಲ್ಲದು, ಇ373 ಆದರೆ 48.

ಇದೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಫ್ಯಾಕ್ಟರಿ ರಿಸೆಟ್ ಮಾಡಿ. ಯಮಹಾದ ಹಲವು ಪಿಎಸ್‌ಆರ್ ಮಾದರಿಗಳಲ್ಲಿ ಬಲತುದಿಯ ಬಿಳಿ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಸಾಕು. ಉಳಿದವಕ್ಕೆ ಮ್ಯಾನ್ಯುಯಲ್ ನೋಡಿ. ನೀವು ಉಳಿಸಿಕೊಂಡ ರೆಕಾರ್ಡಿಂಗ್ ಅಳಿಸಿಹೋಗಬಹುದು, ಎಚ್ಚರ.

ಒಂದೇ ಕೀ ಹಠ ಮಾಡಿದಾಗ

ನನ್ನ ವಿದ್ಯಾರ್ಥಿನಿಯೊಬ್ಬಳ ಹೊಸ ಕೀಬೋರ್ಡ್. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಎಂದರೆ ಸಂಗೀತದ ಮೊದಲ ಪಾಠ, ನುಡಿಸುತ್ತಿದ್ದಳು. ಪ್ರತಿ ಸಲ ರಿಷಭ ಬಂದಾಗ ಸ್ವರ ಕಿರುಚಿದ ಹಾಗೆ ಬರುತ್ತಿತ್ತು. ಸ, ಗ, ಮ, ಪ ಎಲ್ಲ ಮೆದು. ರಿ ಮಾತ್ರ ಜೋರು. ಬೆರಳು ಸರಿಯಾಗಿ ಇಡು ಎಂದು ಮನೆಯಲ್ಲಿ ಪಾಪ ಮಗುವಿಗೇ ಬೈಯುತ್ತಿದ್ದರಂತೆ. ಅಂಗಡಿಯವರು ಬಿಳಿ ಕೀಗಳ ಮೇಲೆ ಸರಿಗಮ ನುಡಿಸಿ, ಎಲ್ಲ ಸರಿ ಇದೆ ಎಂದು ಕಳಿಸಿದ್ದರು. ಒಂದು ಮನೆ ಶ್ರುತಿಯಲ್ಲಿ ಮಾಯಾಮಾಳವಗೌಳದ ರಿಷಭ ಬರುವುದು ಸ ಪಕ್ಕದ ಕರಿ ಕೀಯಲ್ಲಿ. ಅದನ್ನು ಅವರು ಮುಟ್ಟಿಯೇ ಇರಲಿಲ್ಲ.

ಹೀಗಾಗುವುದಕ್ಕೆ ಕಾರಣ ಇದೆ. ಟಚ್ ಇರುವ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೂ ಮೆತ್ತನೆಯ ರಬ್ಬರ್ ಗುಳ್ಳೆ ಇರುತ್ತದೆ. ಅದರೊಳಗೆ ಎರಡು ಕರಿ ಕಾರ್ಬನ್ ಬೊಟ್ಟು. ಕೀ ಒತ್ತಿದಾಗ ಮೊದಲು ಒಂದು ಬೊಟ್ಟು ಕೆಳಗಿನ ಬೋರ್ಡಿಗೆ ತಾಗುತ್ತದೆ, ಮರುಕ್ಷಣ ಇನ್ನೊಂದು. ನಡುವಿನ ಸಮಯವನ್ನು ಕೀಬೋರ್ಡ್ ಅಳೆಯುತ್ತದೆ. ಸಮಯ ಕಡಿಮೆ ಇದ್ದಷ್ಟೂ ಜೋರಾಗಿ ಒತ್ತಿದ್ದಾರೆ ಎಂದು ಲೆಕ್ಕ. ಮೊದಲ ಬೊಟ್ಟಿನ ಮೇಲೆ ಧೂಳು ಕೂತು ಅಥವಾ ರಬ್ಬರ್ ಸರಿಯಾಗಿ ಕೂರದೆ ಅದು ತಡವಾಗಿ ತಾಗಿದರೆ ಎರಡೂ ಒಟ್ಟಿಗೇ ತಾಗಿದ ಹಾಗಾಗುತ್ತದೆ. ಸ್ವರ ಪೂರ್ತಿ ಜೋರಾಗಿ ಬರುತ್ತದೆ. ಬೊಟ್ಟು ತಾಗಲೇ ಇಲ್ಲವಾದರೆ ಸದ್ದೇ ಇಲ್ಲ. ಒಂದೊಂದು ಸಲ ಮಾತ್ರ ಬರುವ ಕೀಗೂ ಹೆಚ್ಚಾಗಿ ಇದೇ ಕಾರಣ.

ಇದನ್ನು ಸಾಬೀತು ಮಾಡುವುದು ಸುಲಭ. ಮಿಡಿ ಎಂದರೆ ಯಾವ ಕೀ, ಎಷ್ಟು ಜೋರು ಎಂದು ಅಂಕಿಗಳಲ್ಲಿ ಕಳಿಸುವ ವ್ಯವಸ್ಥೆ. ಕೀಬೋರ್ಡಿನ ಯುಎಸ್‌ಬಿ ಮಿಡಿ ಪೋರ್ಟಿಗೆ ಕೇಬಲ್ ಹಾಕಿ, ಒಟಿಜಿ (ಫೋನಿಗೆ ಯುಎಸ್‌ಬಿ ಕೇಬಲ್ ಜೋಡಿಸುವ ಕನ್ವರ್ಟರ್) ಮೂಲಕ ಫೋನಿಗೆ ಜೋಡಿಸಿ. ಆಂಡ್ರಾಯ್ಡ್ 6ರಿಂದ ಈಚೆಗೆ ಫೋನುಗಳಿಗೆ ಮಿಡಿ ಅರ್ಥವಾಗುತ್ತದೆ. ಲ್ಯಾಪ್‌ಟಾಪ್ ಆದರೂ ಆಯಿತು. ಮಿಡಿ ಮಾನಿಟರ್ ಎಂದು ಹುಡುಕಿದರೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಕೀ ಒತ್ತಿದ ಕೂಡಲೇ ಪರದೆಯ ಮೇಲೆ ಎರಡು ಅಂಕಿ ಬರುತ್ತವೆ. ಮೊದಲನೆಯದು ಯಾವ ಕೀ ಎನ್ನುವುದು. 61 ಕೀಗಳ ಕೀಬೋರ್ಡಿನಲ್ಲಿ ಎಡತುದಿ 36, ಬಲತುದಿ 96, ನಡುವಿನ ಒಂದು ಮನೆ 60. ಎರಡನೆಯದು ವೆಲಾಸಿಟಿ, ಎಂದರೆ ಎಷ್ಟು ಜೋರು ಎನ್ನುವುದು. 1ರಿಂದ 127ರವರೆಗೆ.

ಆ ಹುಡುಗಿಯ ಕೀಬೋರ್ಡಿನಲ್ಲಿ 60 ನಂಬರಿನ ಕೀ ಮೆಲ್ಲಗೆ ಒತ್ತಿದರೆ ಮೂವತ್ತು ನಲವತ್ತರ ಆಸುಪಾಸು ಬರುತ್ತಿತ್ತು, ಜೋರಾಗಿ ಒತ್ತಿದರೆ ನೂರರ ಹತ್ತಿರ. 61 ಮಾತ್ರ ಹೇಗೆ ಒತ್ತಿದರೂ 127. ಗರಿಯಷ್ಟು ಹಗುರವಾಗಿ ಇಳಿಸಿದರೂ 127. ಪರದೆ, ಬೆರಳು ಎರಡೂ ಕಾಣುವ ಹಾಗೆ ಅವಳ ಅಪ್ಪ ವಿಡಿಯೊ ತೆಗೆದರು. ಅದನ್ನು ನೋಡಿದ ಮೇಲೆ ಸರ್ವಿಸ್ ಸೆಂಟರಿನಲ್ಲಿ ಯಾರೂ ವಾದ ಮಾಡಲಿಲ್ಲ. ರಬ್ಬರ್ ಪಟ್ಟಿ ಬದಲಾಯಿಸಿ ಕೊಟ್ಟರು.

ಕೆಟ್ಟ ಕೀಗಳು ಎಲ್ಲೆಲ್ಲಿವೆ ಎನ್ನುವುದೂ ಮುಖ್ಯ. ಒಂದೇ ಕೀ ಆದರೆ ರಬ್ಬರ್ ಅಥವಾ ಧೂಳು. ಸಾಲಾಗಿ ಏಳೆಂಟು ಕೀ ಸತ್ತಿದ್ದರೆ, ಅಥವಾ ಒಂದೇ ಅಂತರ ಬಿಟ್ಟು ಅಲ್ಲಲ್ಲಿ ಸತ್ತಿದ್ದರೆ ಒಳಗಿನ ವೈರಿನ ಪಟ್ಟಿ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಕೀಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದು ತಂತಿ ಕೊಟ್ಟಿರುತ್ತಾರೆ. ಸಾಗಣೆಯಲ್ಲಿ ಪೆಟ್ಟು ಬಿದ್ದರೆ ಹೀಗಾಗುತ್ತದೆ. ಕೆಟ್ಟ ಕೀಗಳ ನಂಬರನ್ನು ಸುಮ್ನೆ ಒಂದು ಚೀಟಿಯಲ್ಲಿ ಬರೆದುಕೊಂಡರೆ ಟೆಕ್ನಿಷಿಯನ್ನಿಗೆ ದೊಡ್ಡ ಉಪಕಾರ.

ಕೀ ಕೆಳಗೆ ಹೋಗಿ ಮೇಲೆ ಬರದಿದ್ದರೆ ಪಕ್ಕದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಪ್ಯಾಕಿಂಗಿನ ಥರ್ಮೊಕೋಲ್ ಚೂರು, ನಾಣ್ಯ ಸಿಕ್ಕಿರಬಹುದು. ಕೀಬೋರ್ಡನ್ನು ಓರೆ ಮಾಡಿ ಮೆಲ್ಲಗೆ ಅಲುಗಿಸಿ. ಚಾಕು, ಪಿನ್ನು ತೂರಿಸಬೇಡಿ. ಎಣ್ಣೆ, ಸ್ಪ್ರೇ ಹಾಕಲೇಬೇಡಿ.

ಕೆಲವು ಸ್ವರಕ್ಕೆ ಮಾತ್ರ ಝರ್ ಎಂದು ಸದ್ದು ಬಂದರೆ ಹೆಡ್‌ಫೋನ್ ಹಾಕಿ ಕೇಳಿ. ಅದರಲ್ಲಿ ಶುದ್ಧವಾಗಿದ್ದರೆ ದೋಷ ಸ್ಪೀಕರಿನದು, ಇಲ್ಲವೇ ಸ್ಟ್ಯಾಂಡೋ ಮೇಜಿನ ಮೇಲಿನ ವಸ್ತುವೋ ಅದುರುತ್ತಿದೆ. ಮಡಿಸಿದ ಕಂಬಳಿ ಮೇಲೆ ಇಟ್ಟು ಇನ್ನೊಮ್ಮೆ ನುಡಿಸಿ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದ ತೇವ, ಇರುವೆ ಎರಡೂ ಕೀಬೋರ್ಡಿನ ವೈರಿಗಳು. ನೀರು, ಹುಳುಹುಪ್ಪಟೆಯಿಂದಾದ ಹಾನಿಯನ್ನು ಹಲವು ವಾರಂಟಿ ಕಾರ್ಡುಗಳು ಹೊರಗಿಡುತ್ತವೆ. ನುಡಿಸಿದ ಮೇಲೆ ಬಟ್ಟೆ ಹೊದಿಸಿ. ಪಕ್ಕದಲ್ಲಿ ತಿಂಡಿ ತಟ್ಟೆ ಬೇಡ.

ದೂರು ಕೊಡುವ ರೀತಿ

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಮೊದಲು ರಿಟರ್ನ್ ಅವಧಿ ನೋಡಿ. ಎಷ್ಟೋ ಕಡೆ ಅದು ಏಳು ಅಥವಾ ಹತ್ತು ದಿನ ಅಷ್ಟೇ. ಅದರೊಳಗೆ ಇದ್ದರೆ ರಿಪೇರಿಗೆ ಒಪ್ಪಬೇಡಿ, ಬದಲಿ ಕೇಳಿ. ಹೊಸ ಮಾಲಿಗೆ ಹೊಸದೇ ಬರಬೇಕು, ಅಲ್ವಾ? ಕಂಪನಿಯ ಟೆಕ್ನಿಷಿಯನ್ ಪರೀಕ್ಷೆ ಮಾಡಿ ಬರಬೇಕು ಎಂದರೆ, ಬಂದಾಗಲೇ ಕೆಟ್ಟಿತ್ತು ಎನ್ನುವ ಡಿಒಎ ಪತ್ರ ಅವರಿಂದ ಕೇಳಿ ಪಡೆಯಿರಿ. ಪೆಟ್ಟಿಗೆ, ಥರ್ಮೊಕೋಲ್, ಪ್ಲಾಸ್ಟಿಕ್ ಚೀಲ ಯಾವುದನ್ನೂ ಅಲ್ಲಿಯವರೆಗೆ ಎಸೆಯಬೇಡಿ.

ಅವಧಿ ದಾಟಿದ್ದರೆ ವಾರಂಟಿ ದಾರಿ. ಜಿಎಸ್‌ಟಿ ಬಿಲ್ಲು, ಸೀಲ್ ಹಾಕಿದ ವಾರಂಟಿ ಕಾರ್ಡು, ಕೀಬೋರ್ಡಿನ ಕೆಳಗಿನ ಸೀರಿಯಲ್ ನಂಬರಿನ ಫೋಟೊ ಇಟ್ಟುಕೊಳ್ಳಿ. ಬಿಲ್ಲಿನ ಮೇಲಿನ ನಂಬರೂ ಕೀಬೋರ್ಡಿನ ನಂಬರೂ ಒಂದೇ ಇದೆಯೇ ನೋಡಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ. ಮಾತಾಡಿದ ಮೇಲೆ ಇಮೇಲ್ ಕಳಿಸಿ, ದೂರಿನ ನಂಬರ್ ತೆಗೆದುಕೊಳ್ಳಿ. ನಾನು ಬರೆಸುವುದು ಸುಮಾರು ಹೀಗೆ:

"ಇಂಥ ದಿನ ಕೊಂಡ ಕೀಬೋರ್ಡ್, ಮಾದರಿ ಇದು, ಸೀರಿಯಲ್ ನಂಬರ್ ಇದು. ನಡುವಿನ ಒಂದು ಮನೆ ಪಕ್ಕದ ಕರಿ ಕೀ, ಮಿಡಿ ನಂಬರ್ 61, ಎಷ್ಟು ಮೆಲ್ಲಗೆ ಒತ್ತಿದರೂ ವೆಲಾಸಿಟಿ 127 ತೋರಿಸುತ್ತದೆ. ಅಕ್ಕಪಕ್ಕದ ಕೀಗಳು ಸರಿ ಇವೆ. ಫ್ಯಾಕ್ಟರಿ ರಿಸೆಟ್ ಮಾಡಿದೆ, ಸೆಲ್ ಹಾಕಿ ನೋಡಿದೆ, ಹೆಡ್‌ಫೋನಿನಲ್ಲೂ ಹಾಗೇ ಇದೆ. ವಿಡಿಯೊ ಲಗತ್ತಿಸಿದ್ದೇನೆ. ಕೀಬೋರ್ಡನ್ನು ಯಾರೂ ಬಿಚ್ಚಿಲ್ಲ. ವಾರಂಟಿಯಲ್ಲಿ ಸರಿಪಡಿಸಿ ಅಥವಾ ಬದಲಾಯಿಸಿ ಕೊಡಿ. ದೂರಿನ ನಂಬರ್ ತಿಳಿಸಿ."

ಸಿಟ್ಟಿನ ಮಾತು ಇದರಲ್ಲಿ ಬೇಡ. ಮಾಡಿ ನೋಡಿದ ಪರೀಕ್ಷೆಗಳನ್ನು ಬರೆದರೆ, "ರಿಸೆಟ್ ಮಾಡಿ ನೋಡಿ ಸರ್" ಎಂಬ ಮೊದಲ ಸುತ್ತಿನ ಉತ್ತರ ತಪ್ಪುತ್ತದೆ.

ಕೀಬೋರ್ಡ್ ಕೊಡುವಾಗ ಜಾಬ್ ಶೀಟ್, ಎಂದರೆ ರಿಪೇರಿಗೆ ತೆಗೆದುಕೊಂಡ ರಸೀದಿ, ಇಲ್ಲದೆ ಕೊಡಬೇಡಿ. ಅದರಲ್ಲಿ ತಾರೀಕು, ಸೀರಿಯಲ್ ನಂಬರ್, ನೀವು ಹೇಳಿದ ದೋಷ, ಜೊತೆಗೆ ಕೊಟ್ಟ ಅಡಾಪ್ಟರ್ ಎಲ್ಲ ಬರೆದಿರಬೇಕು. "ಚೆಕ್ ಅಂಡ್ ರಿಪೇರಿ" ಎಂದಷ್ಟೇ ಬರೆದಿದ್ದರೆ ತಿದ್ದಿಸಿ. ಅದೇ ದೋಷ ಮತ್ತೆ ಬಂದರೆ ಈ ಹಾಳೆಯೇ ನಿಮ್ಮ ಸಾಕ್ಷಿ.

ಅಂಗಡಿ ಕಂಪನಿ ಕಡೆ, ಕಂಪನಿ ಅಂಗಡಿ ಕಡೆ ತೋರಿಸಿದರೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ಜೊತೆಗಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ. ಅಲ್ಲಿನ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇಮೇಲ್‌ಗೆ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಕೀಬೋರ್ಡಿನಂಥ ವಸ್ತುವಿಗೆ ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಆಗುತ್ತದೆ.

ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಅಂಗಡಿ, ಕಂಪನಿ ಇಬ್ಬರನ್ನೂ ಎದುರು ಪಕ್ಷವಾಗಿ ಸೇರಿಸಿ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಬೇಕೇ ಬೇಕು ಎಂದಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ರಿಪೇರಿ, ಬದಲಿ, ಹಣ ವಾಪಸ್, ಪರಿಹಾರ ಇವುಗಳಲ್ಲಿ ಯಾವುದನ್ನು ಬೇಕಾದರೂ ಕೊಡಿಸುವ ಅಧಿಕಾರ ಆಯೋಗಕ್ಕಿದೆ.

ಆರ್ಕೆಸ್ಟ್ರಾದಲ್ಲಿ ನುಡಿಸುವವರು, ಮನೆಯಲ್ಲಿ ಪಾಠ ಹೇಳುವವರು "ನಾವು ಇದರಿಂದ ದುಡಿಯುತ್ತೇವೆ, ನಮಗೆ ಈ ಕಾಯ್ದೆ ಇಲ್ಲ" ಎಂದುಕೊಂಡು ಸುಮ್ಮನಾಗುವುದನ್ನು ನೋಡಿದ್ದೇನೆ. ಹಾಗಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡು, ತಾವೇ ಬಳಸುವವರು ಕೂಡ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರೇ. ಆದರೆ ಕಂಪನಿಯ ವಾರಂಟಿ ಕಾರ್ಡಿನಲ್ಲಿ ವ್ಯಾಪಾರಿ ಬಳಕೆಗೆ ಬೇರೆ ಷರತ್ತು ಇರಬಹುದು. ಅದನ್ನು ಕೊಳ್ಳುವ ದಿನವೇ ಓದಿ.

ವಾಪಸ್ ಪಡೆಯುವಾಗ

ರಿಪೇರಿಯಾಗಿ ಬಂದ ಕೀಬೋರ್ಡನ್ನು ಕೌಂಟರಿನಲ್ಲೇ ಆನ್ ಮಾಡಿಸಿ. ಮೊದಲು ಸೀರಿಯಲ್ ನಂಬರ್ ನೋಡಿ. ಆಮೇಲೆ ಎಡತುದಿಯಿಂದ ಬಲತುದಿಯವರೆಗೆ ಬಿಳಿ, ಕರಿ ಒಂದೂ ಬಿಡದೆ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ. ಮಿಡಿ ಆ್ಯಪ್ ಇರುವ ಫೋನು, ಕೇಬಲ್ ಜೊತೆಗೆ ಒಯ್ಯಿರಿ. ಹೆಡ್‌ಫೋನ್ ಹಾಕಿ ಕೇಳಿ, ಪೆಡಲ್ ಹಾಕಿ ನೋಡಿ. ಅಡಾಪ್ಟರ್ ನಿಮ್ಮದೇ ಕೊಟ್ಟಿದ್ದಾರೆಯೇ ಗಮನಿಸಿ. ಏನು ಬದಲಾಯಿಸಿದರು ಎನ್ನುವುದನ್ನು ಜಾಬ್ ಶೀಟಿನಲ್ಲಿ ಬರೆಸಿಕೊಂಡು, ತಾರೀಕು ಹಾಕಿಸಿ, ಆಮೇಲೆ ಸಹಿ ಮಾಡಿ.